ಒಂದೇ ಹಾಡಿನಲ್ಲಿ ಎರಡು ಹೆಸರು

ಕೋಲಾರದ ಕೋರ್ಟಿನ ಕ್ಯಾಂಟೀನಿನಲ್ಲಿ ಕೇಳಿ, ನಂಗಲಿಯ ಹೆದ್ದಾರಿ ಬದಿಯ ಲಾರಿ ಹೋಟೆಲಿನಲ್ಲಿ ಕೇಳಿ, ಕಥೆ ಒಂದೇ. ನಮ್ಮ ಗಂಗುಲಮ್ಮ ದೂರದ ದೇಶಕ್ಕೆ ಹೋಗಿ ಹಾಡಿದರು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಉಕ್ರೇನಿನ ತಾಯಿಯೊಬ್ಬಳು ಆ ಹಾಡು ಕೇಳಿ ಎದ್ದಳು, ಸಭೆಯಲ್ಲಿದ್ದ ರಷ್ಯಾದ ಹುಡುಗನನ್ನು ತಬ್ಬಿಕೊಂಡು ಅತ್ತಳು. ಭಾಷೆ ಬೇಕಾಗಲಿಲ್ಲ, ಹಾಡೇ ಸಾಕಾಯಿತು. ಈ ಕಥೆ ಹೇಳುವವರ ಕಣ್ಣೂ ಒದ್ದೆಯಾಗುತ್ತದೆ. ಮಾಲೂರಿನ ಒಂದು ಸಂಘದವರಂತೂ ಆ ಅಪ್ಪುಗೆಯನ್ನು ಕಲ್ಲಿನಲ್ಲಿ ಕೆತ್ತಿಸಲು ಶಿಲ್ಪಿಗಳ ಊರಾದ ಶಿವಾರಪಟ್ಟಣಕ್ಕೆ ಹೋಗಿ ಮಾತಾಡಿ ಬಂದಿದ್ದಾರೆ.

ನಾನು ಆ ಸಭೆಯಲ್ಲಿದ್ದೆ. ತಾಯಿ ಎದ್ದದ್ದು ನಿಜ. ಅವರು ನಡೆದದ್ದು ಬಾಗಿಲಿನ ಕಡೆಗೆ.

ಕಾಗದದ ಮೇಲಿನ ತಪ್ಪನ್ನು ತಿದ್ದಬಹುದು, ಕಲ್ಲಿನ ಮೇಲಿನದನ್ನು ಆಗುವುದಿಲ್ಲ. ಉಳಿ ಬೀಳುವ ಮೊದಲು ಇದನ್ನು ಬರೆಯುತ್ತಿದ್ದೇನೆ.

ನಂಗಲಿಯ ಈಚೆ

ಗಂಗುಲಮ್ಮ ನನಗೆ ಪೆದ್ದಮ್ಮ, ಅಮ್ಮನ ಅಕ್ಕ. ಅವಳ ಊರು ಆಂಧ್ರದ ಗಡಿಗೆ ಅಂಟಿಕೊಂಡಿದೆ. ಬೈಯುವುದು ತೆಲುಗಿನಲ್ಲಿ, ಲೆಕ್ಕ ಮಾಡುವುದು ಕನ್ನಡದಲ್ಲಿ, ಹಾಡುವುದು ಎರಡರಲ್ಲೂ. ಸಾವಿನ ಮನೆಗಳಲ್ಲಿ ತಂಬೂರಿ ಹಿಡಿದು ತತ್ವಪದ ಹಾಡುವ ಮೇಳ ಅವಳದು.

ಆ ಮೇಳಕ್ಕೆ ಒಂದು ರೂಢಿಯಿದೆ. ಮುಂದೆ ಆದದ್ದೆಲ್ಲ ಅದರಿಂದಲೇ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಪೆದ್ದಮ್ಮ ಮೊದಲು ಮನೆಯವರ ಪಕ್ಕ ಕೂತು ಸತ್ತವರ ಹೆಸರು ಕೇಳುತ್ತಾಳೆ. ಅವರಿಗೆ ಏನು ಇಷ್ಟವಿತ್ತು, ಏನು ಚೇಷ್ಟೆ ಮಾಡುತ್ತಿದ್ದರು ಎಂದು ಕೇಳುತ್ತಾಳೆ. ಅದನ್ನು ಎರಡು ಸಾಲಿನಲ್ಲಿ ಹಾಡಿಗೆ ಸೇರಿಸುತ್ತಾಳೆ. ಇದಕ್ಕೆ ‘ಹೆಸರು ಕಟ್ಟುವುದು’ ಎನ್ನುತ್ತಾರೆ. ಕೊನೆಯ ಸುತ್ತಿನಲ್ಲಿ ಆ ಮನೆಯ ಹೆಸರಿನ ಜೊತೆ ಬೇರೆ ಮನೆಗಳಲ್ಲಿ ಈಚೆಗೆ ಕಟ್ಟಿದ ಹೆಸರುಗಳನ್ನೂ ಒಟ್ಟಿಗೆ ಹಾಡುತ್ತಾಳೆ. ಜಾತಿ ನೋಡುವುದಿಲ್ಲ, ಜಗಳ ನೋಡುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಒಂದು ಊರಿನಲ್ಲಿ ಬದುವಿನ ಜಗಳಕ್ಕೆ ಒಬ್ಬ ಸತ್ತ. ಹೊಡೆದವನ ಅಪ್ಪನೂ ಅದೇ ಕೊರಗಿನಲ್ಲಿ ಹೋದ. ಎರಡು ಹೆಸರೂ ಒಂದೇ ಹಾಡಿನಲ್ಲಿ ಬಂದವು. ‘ಅವತ್ತೇ ಎರಡು ಮನೆ ಒಂದಾದ್ವು’ ಎಂದು ಜನ ಹೇಳುತ್ತಾರೆ. ಒಂದಾಗಿದ್ದರೆ ಸಂತೋಷ. ಆ ಮೊಕದ್ದಮೆಯ ವಾಯಿದೆಗೆ ನಮ್ಮ ಸೀನಿಯರ್ ವಕೀಲರ ಜೊತೆ ನಾನು ಈಗಲೂ ಹೋಗುತ್ತಿರುತ್ತೇನೆ.

ನಮ್ಮ ದೇಶದ ಗಡಿಯಲ್ಲಿ ಗುಂಡಿನ ಸದ್ದು ಜೋರಾಗಿದ್ದ ದಿನಗಳಲ್ಲಿ, ಕೋಲಾರದ ಟೊಮೆಟೊ ಮಂಡಿಯ ಹತ್ತಿರದ ಒಂದು ಸಭೆಯಲ್ಲಿ ಪೆದ್ದಮ್ಮ ಎರಡೂ ಕಡೆಯ ತಾಯಂದಿರ ಮೇಲೆ ಹಾಡಿದಳು. ‘ಗೆದ್ದ ಮನೇಲಿ ತೊಟ್ಟಿಲು ತೂಗೋರು ಯಾರು’ ಎಂದು ಅದರ ಪಲ್ಲವಿ. ‘ಗಡಿಗೇ ಹೋಗಿ ಹಾಡಮ್ಮೋ!’ ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಅದು ಎಲ್ಲೆಲ್ಲೋ ಸುತ್ತಿ, ಜಾರ್ಜಿಯಾ ದೇಶದ ತಿಬಿಲಿಸಿ ನಗರದಲ್ಲಿ ಶಾಂತಿಗಾಗಿ ಜನಪದ ಗಾಯಕರನ್ನು ಕೂಡಿಸುತ್ತಿದ್ದವರ ಕಣ್ಣಿಗೆ ಬಿತ್ತು. ಕರೆ ಬಂತು. ಇಂಗ್ಲಿಷ್ ಬರುವವರು ಜೊತೆಗೆ ಬೇಕಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನ ಬಾಯಿಯನ್ನು ಮನೆಯವರು ಮೊದಲ ಬಾರಿಗೆ ಉಪಯುಕ್ತ ಎಂದು ಒಪ್ಪಿದರು.

“ಪೆದ್ದಮ್ಮಾ, ಅಲ್ಲಿ ನಿನ್ನ ಹಾಡು ಯಾರಿಗೆ ಅರ್ಥ ಆಗತ್ತೆ?”

“ಸಾವಿನ ಮನೇಲಿ ಅರ್ಥ ಕೇಳ್ಕೊಂಡು ಯಾರೇ ಅಳ್ತಾರೆ?”

“ಹಾಡಿದ್ರೆ ಯುದ್ಧ ನಿಲ್ಲತ್ತಾ?”

“ನೀನು ವಾದ ಮಾಡಿದ್ರೆ ಕೇಸು ನಿಲ್ತದಾ? ಬಾಯಿ ಮುಚ್ಕೊಂಡು ಬ್ಯಾಗು ಕಟ್ಟೇ ಶೈಲೂ.”

ವಿಮಾನ ಬದಲಿಸಿದ ಊರು

ನಡುವೆ ಒಂದು ಮರುಭೂಮಿಯ ನಗರದಲ್ಲಿ ವಿಮಾನ ಬದಲಿಸಬೇಕಿತ್ತು. ತಂಬೂರಿಗೆ ತೊಂದರೆಯಾಗಬಹುದೆಂದು ನಾನು ಪತ್ರಗಳನ್ನೆಲ್ಲ ಸಿದ್ಧಮಾಡಿಕೊಂಡಿದ್ದೆ. ತಂಬೂರಿಯನ್ನು ಯಾರೂ ಕೇಳಲಿಲ್ಲ. ಹಿಡಿದದ್ದು ಪೆದ್ದಮ್ಮನ ಕೈಚೀಲದಲ್ಲಿದ್ದ ರಾಗಿ ಹುರಿಹಿಟ್ಟನ್ನು. ಅಧಿಕಾರಿ ಕೈಗವಸು ಹಾಕಿಕೊಂಡು ಪೊಟ್ಟಣ ಬಿಚ್ಚಿದ. ಬೂದಿ ಬಣ್ಣದ ಪುಡಿ. ಇದೇನು ಎಂದು ಕೇಳಿದ.

ನಾನು ಇಂಗ್ಲಿಷಿನಲ್ಲಿ ರಾಗಿಯ ಗುಣಗಳನ್ನು ವಿವರಿಸತೊಡಗಿದೆ. ಪೆದ್ದಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಅವನತ್ತ ಚಾಚಿದಳು. “ತಿನ್ನಪ್ಪಾ. ಎಷ್ಟೊತ್ತಿಂದ ನಿಂತಿದೀಯೋ ಏನೋ. ಹೊಟ್ಟೆ ತಣ್ಣಗಿರ್ತದೆ.”

ಅವನು ತಿನ್ನಲಿಲ್ಲ. ಬಟ್ಟೆಯ ತುಂಡಿನಿಂದ ಒರೆಸಿ ಯಂತ್ರಕ್ಕೆ ಕೊಟ್ಟ. ನಮ್ಮ ರಾಗಿಯಿಂದ ಯಾರಿಗೂ ಅಪಾಯವಿಲ್ಲ ಎಂದು ಯಂತ್ರ ತೀರ್ಪು ಕೊಟ್ಟಿತು. “ಇಷ್ಟು ಅನುಮಾನ ಇಟ್ಕೊಂಡು ಇವರು ಸಂಸಾರ ಹೆಂಗೆ ಮಾಡ್ತಾರೋ” ಎಂದು ಪೆದ್ದಮ್ಮ ತೆಲುಗಿನಲ್ಲಿ ಗೊಣಗುತ್ತ ಪೊಟ್ಟಣ ಕಟ್ಟಿಕೊಂಡಳು.

ತಿಬಿಲಿಸಿ, ಇಳಿದ ದಿನ

ಚಪ್ಪಲಿಯೊಳಗೆ ಕಾಲುಚೀಲ, ಸೀರೆಯ ಮೇಲೆ ಎರಡು ಸ್ವೆಟರು, ಹೆಗಲಲ್ಲಿ ತಂಬೂರಿ. ಪೆದ್ದಮ್ಮನನ್ನು ತಿಬಿಲಿಸಿಯ ಬೀದಿಯಲ್ಲಿ ಎಲ್ಲರೂ ತಿರುಗಿ ನೋಡಿದರು, ಅವಳೂ ಎಲ್ಲರನ್ನೂ ತಿರುಗಿ ನೋಡಿದಳು. ಅಂಗಡಿಗಳ ಮುಂದೆ ದ್ರಾಕ್ಷಿರಸದಲ್ಲಿ ಅದ್ದಿದ ಕಾಯಿಬೀಜಗಳ ಸರಗಳು ನೇತಾಡುತ್ತಿದ್ದವು. ಅವನ್ನು ಕಂಡು ‘ದೃಷ್ಟಿಗೆ ಕಟ್ಟಿದಾರೇನೇ?’ ಎಂದಳು. ಬೀದಿಯ ಮೂಲೆಯಲ್ಲಿ ಒಬ್ಬ ಬಾವಿಯಂಥ ಒಲೆಯೊಳಕ್ಕೆ ಬಗ್ಗಿ ಗೋಡೆಗೆ ರೊಟ್ಟಿ ಅಂಟಿಸುತ್ತಿದ್ದ. ಅವನು ಒಳಗೆ ಬೀಳುತ್ತಾನೋ ಇಲ್ಲವೋ ನೋಡಿಯೇ ಹೋಗೋಣ ಎಂದು ಅಲ್ಲೇ ನಿಂತಳು.

ನಮ್ಮನ್ನು ಕರೆಸಿದ್ದ ತಮಾರ್ ಎಂಬ ಹೆಂಗಸು ಮನೆಗೆ ಊಟಕ್ಕೆ ಕರೆದರು. ನಾನು ಬರಿಗೈಯಲ್ಲಿ ಹೋಗಬಾರದೆಂದು ಹೂವಿನ ಗುಚ್ಛ ಕೊಂಡೆ. ತಮಾರ್ ಅದನ್ನು ತೆಗೆದುಕೊಂಡು, ಕಣ್ಣಿನಲ್ಲೇ ಎಣಿಸಿ, ಒಂದು ಹೂವನ್ನು ಮೆಲ್ಲಗೆ ಎಳೆದು ಬೇರೆ ಲೋಟದಲ್ಲಿಟ್ಟರು. ಜೋಡಿ ಸಂಖ್ಯೆಯ ಹೂ ಅಲ್ಲಿ ಸತ್ತವರಿಗೆ ಮಾತ್ರ ಎಂದು ನನಗೆ ಆಮೇಲೆ ತಿಳಿಯಿತು. ಆ ದೇಶದಲ್ಲಿ ‘ಮಾಮಾ’ ಎಂದರೆ ಅಪ್ಪ. ಅದು ಗೊತ್ತಾದಾಗ ಪೆದ್ದಮ್ಮ, “ನಮ್ಮೂರ ಮಾಮಂದಿರನ್ನ ನೋಡಿದ್ರೆ ಹಂಗೆ ಕರೀತಿರಲಿಲ್ಲ ಬಿಡು” ಎಂದಳು. ಊಟಕ್ಕೆ ಕಡುಬಿನಂಥದ್ದು ಬಂತು, ಒಳಗೆ ಮಾಂಸ ಮತ್ತು ಬಿಸಿ ಸಾರು. ತುದಿಯ ಗಂಟನ್ನು ಹಿಡಿದು ಚಿಕ್ಕದಾಗಿ ಕಚ್ಚಿ ಸಾರು ಹೀರಬೇಕಂತೆ. ಪೆದ್ದಮ್ಮ ಮುದ್ದೆ ನುಂಗುವ ಅಭ್ಯಾಸದಲ್ಲಿ ಅರ್ಧ ಕಡುಬನ್ನು ಒಂದೇ ಸಲ ಬಾಯಿಗಿಟ್ಟಳು. ಸ್ವೆಟರಿಗೆ ಸಾರಿನ ಅಭಿಷೇಕವಾಯಿತು.

ನಗು ಮುಗಿದ ಮೇಲೆ ತಮಾರ್ ಅವರ ಅಣ್ಣ ದ್ರಾಕ್ಷಾರಸದ ಲೋಟ ಎತ್ತಿ ನಿಂತರು. ಸತ್ತವರ ನೆನಪಿಗೆ ಒಂದು ತುಂಡು ರೊಟ್ಟಿಯ ಮೇಲೆ ನಾಲ್ಕು ಹನಿ ಸುರಿದರು. ಪೆದ್ದಮ್ಮ ನನ್ನನ್ನು ತಿವಿದಳು. “ನೋಡಿದ್ಯಾ? ಎಲ್ಲಾ ಕಡೆ ಒಂದೇ.”

ನನಗೆ ಹಾಗೆ ಅನ್ನಿಸಲಿಲ್ಲ. ರೊಟ್ಟಿಯ ಮೇಲೆ ಹನಿ ಬಿದ್ದದ್ದು ಅವರ ಸತ್ತವರಿಗೆ ಮಾತ್ರ. ಹಿಂದೊಮ್ಮೆ ರಷ್ಯಾದ ಜೊತೆ ಆ ದೇಶಕ್ಕೂ ಯುದ್ಧವಾಗಿತ್ತು, ಊರಿನ ಗೋಡೆಗೋಡೆಯ ಮೇಲೂ ರಷ್ಯಾವನ್ನು ಬೈದು ಬರೆದಿತ್ತು. ಅದೇ ಗೋಡೆಗಳ ಕೆಳಗೆ, ಯುದ್ಧಕ್ಕೆ ಹೋಗಲೊಲ್ಲದೆ ಓಡಿಬಂದ ರಷ್ಯಾದ ಹುಡುಗರು ಕೂತು ಕಾಫಿ ಕುಡಿಯುತ್ತಿದ್ದರು. ಎಲ್ಲಾ ಕಡೆ ಒಂದೇ ಎನ್ನುವುದು ಸುಲಭ. ಚರ್ಚಾಸ್ಪರ್ಧೆಯಲ್ಲಿ ಶಾಂತಿಯ ಪರ ನಿಂತವರು ಸೋಲುವುದು ಅಪರೂಪ, ಶಾಂತಿಗೆ ಕಡಿಮೆ ಅಂಕ ಕೊಡಲು ತೀರ್ಪುಗಾರರಿಗೆ ನಾಚಿಕೆ.

ಅತಿಥಿಗೃಹದ ಅಡುಗೆಮನೆ

ನಾವು ಇಳಿದುಕೊಂಡಿದ್ದ ಅತಿಥಿಗೃಹದಲ್ಲಿ ಅಡುಗೆ ಮಾಡುತ್ತಿದ್ದವರು ಓಕ್ಸಾನಾ. ಉಕ್ರೇನಿನ ಪೂರ್ವದ ಒಂದು ಊರಿನವರು. ಆ ಊರಲ್ಲಿ ಈಗ ಅವರ ಮನೆಯಿಲ್ಲ. ಪೆದ್ದಮ್ಮ ಎರಡನೆಯ ದಿನವೇ ಅಡುಗೆಮನೆಗೆ ನುಗ್ಗಿ, ಕೇಳದೆಯೇ ಆಲೂಗಡ್ಡೆ ಸುಲಿಯಲು ಕೂತಳು. ಇಬ್ಬರ ನಡುವೆ ಒಂದು ಮಾತೂ ಇಲ್ಲ, ಸಿಪ್ಪೆ ಮಾತ್ರ. ಕೊನೆಗೆ ಪೆದ್ದಮ್ಮ ತಾನು ಎಲ್ಲಿ ಹೋದರೂ ಕೇಳುವುದನ್ನು ಕೇಳಿದಳು.

“ಮಕ್ಕಳೆಷ್ಟಮ್ಮಾ?”

ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಲ್ಲೇ ಇದ್ದ ತಮಾರ್ ಅದನ್ನು ಓಕ್ಸಾನಾ ಅವರಿಗೆ ತಿಳಿಯುವ ಭಾಷೆಗೆ ತಿರುಗಿಸಿದರು. ಓಕ್ಸಾನಾ ಒಂದು ಬೆರಳೆತ್ತಿದರು. ಆಮೇಲೆ ಅದನ್ನು ಮಡಿಸಿದರು.

ಪೆದ್ದಮ್ಮ ಚಾಕು ಕೆಳಗಿಟ್ಟಳು. ಹೆಸರು ಕೇಳಿದಳು. ತಾರಾಸ್. ಏನು ಇಷ್ಟ ಅವನಿಗೆ? ಟೊಮೆಟೊ, ಎಂದರು ಓಕ್ಸಾನಾ. ಚಿಕ್ಕವನಿದ್ದಾಗ ಜೇಬಿನ ತುಂಬ ಉಪ್ಪು ತುಂಬಿಕೊಂಡು ತೋಟಕ್ಕೆ ಹೋಗುತ್ತಿದ್ದನಂತೆ, ಗಿಡದಿಂದಲೇ ಕಿತ್ತು ತಿನ್ನಲು. ಒಗೆಯುವಾಗ ಜೇಬೆಲ್ಲ ಉಪ್ಪು.

“ನಮ್ಮೂರ ಹುಡುಗ್ರೂ ಹಂಗೇ ಕಣಮ್ಮಾ,” ಎಂದಳು ಪೆದ್ದಮ್ಮ. “ನಾಳೆ ಅವನ ಹೆಸ್ರು ಕಟ್ತೀನಿ. ಬರ್ತೀಯಾ?”

ಮಗನ ಹೆಸರಿನಲ್ಲಿ ಹಾಡುತ್ತಾರಂತೆ, ಬರುತ್ತೀರಾ ಎಂದು ನಾನು ಕೇಳಿದೆ. ಓಕ್ಸಾನಾ ಎದ್ದು ಬಂದು ಪೆದ್ದಮ್ಮನ ಒದ್ದೆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೊನೆಯ ಸುತ್ತಿನಲ್ಲಿ ಬೇರೆ ಹೆಸರುಗಳೂ ಸೇರುತ್ತವೆ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಾರಿಗೆ ಉಪ್ಪು ಹಾಕುತ್ತೇವೆ ಎಂದು ಯಾರಾದರೂ ಹೇಳಿ ಹಾಕುತ್ತಾರೆಯೇ?

ಸಭಾಂಗಣ

ಹಳೆಯ ಕಾರ್ಖಾನೆಯೊಂದನ್ನು ಸಭಾಂಗಣ ಮಾಡಿದ್ದರು. ತಂಬೂರಿಗೆ ಮೈಕು ಸಿಗಿಸಲು ಬಂದವನು ಇಲ್ಯಾ, ಗಡ್ಡ ಇನ್ನೂ ಸರಿಯಾಗಿ ಮೂಡದ ಹುಡುಗ. ತಂಬೂರಿಯನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡ. ಪೆದ್ದಮ್ಮನಿಗೆ ಅಷ್ಟು ಸಾಕು. “ಯಾವೂರಪ್ಪಾ ನಿಂದು?”

ರಷ್ಯಾ. ಇಬ್ಬರು ಅಣ್ಣತಮ್ಮಂದಿರು. ಸೈನ್ಯದಿಂದ ಕರೆ ಬಂದಾಗ ಅಣ್ಣ ಹೋದ, ಇವನು ಓಡಿಬಂದ. ಅಣ್ಣ ಮಿಶಾ ಹಿಂತಿರುಗಲಿಲ್ಲ. ಚಿಕ್ಕಂದಿನಲ್ಲಿ ಮಿಶಾ ಓಣಿಯ ಸೈಕಲ್ಲುಗಳ ಗಂಟೆ ಕದಿಯುತ್ತಿದ್ದ, ಅಮ್ಮ ಮನೆಮನೆಗೆ ಹೋಗಿ ಕ್ಷಮೆ ಕೇಳಿ ಹಿಂದಕ್ಕೆ ಕೊಟ್ಟು ಬರುತ್ತಿದ್ದಳು. ಇದನ್ನೆಲ್ಲ ಅವನು ತಂತಿ ಸುತ್ತುತ್ತಲೇ ಹೇಳಿದ, ಯಾರ ಮುಖವನ್ನೂ ನೋಡದೆ.

ಪೆದ್ದಮ್ಮ ಹಾಡಿದಳು. ಅವಳು ಚೆನ್ನಾಗಿ ಹಾಡಿದಳು, ಅದನ್ನು ಒಪ್ಪಲು ನನಗೆ ಯಾವ ವಾದವೂ ಅಡ್ಡಿಯಿಲ್ಲ. ಪ್ರತಿ ಸುತ್ತಿನ ನಂತರ ನಾನು ಅರ್ಥ ಹೇಳಿದೆ, ತಮಾರ್ ಅದನ್ನು ಸಭೆಗೆ ತಿಳಿಸಿದರು. ಓಕ್ಸಾನಾ ಮುಂದಿನ ಸಾಲಿನಲ್ಲಿದ್ದರು, ಒಳ್ಳೆಯ ಕೋಟು ಹಾಕಿಕೊಂಡು.

*ಜೇಬೀನ ತುಂಬಾ ಉಪ್ಪು ತುಂಬ್ಕೊಂಡು ಹೋದೋನೆ,*
*ತಾರಾಸು ನನ್ನಪ್ಪಾ, ಹಣ್ಣಾಯ್ತೋ ತೋಟಾವು?*

ಅವರು ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಅಲ್ಲಿಯವರೆಗೆ ನಮ್ಮ ಜಿಲ್ಲೆಯ ಕಥೆ ಸರಿಯಾಗಿಯೇ ಇದೆ. ಆಮೇಲೆ ಕೊನೆಯ ಸುತ್ತು ಬಂತು.

*ಗಂಟೇಯ ಕದ್ದೋನೆ, ಮಿಶಾ ನನ್ನಯ್ಯಾ,*
*ಮಣ್ಣಾಗೆ ಯಾರೀಗೆ ಬಾರಿಸ್ತೀಯೋ ಗಂಟೇಯ?*
*ತಾರಾಸೂ ಮಿಶಾನೂ ಒಂದೇ ಚಾಪೇಲಿ...*

ಮಿಶಾ ಎಂಬ ರಷ್ಯಾದ ಹೆಸರಿಗೆ ಅನುವಾದ ಬೇಕಿರಲಿಲ್ಲ. ಓಕ್ಸಾನಾ ಎದ್ದರು. ಹಿಂದೆ ಧ್ವನಿ ನೋಡಿಕೊಳ್ಳುವ ಮೇಜಿನಿಂದ ಇಲ್ಯಾ ಎರಡೂ ಕೈ ಮುಂದೆ ಚಾಚಿ ಅವರತ್ತ ಓಡಿಬಂದ. ಸಭೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊವನ್ನು ನೀವೂ ನೋಡಿರುತ್ತೀರಿ, ಸರಿಯಾಗಿ ಅಲ್ಲಿಗೇ ಮುಗಿಯುತ್ತದೆ: ನಿಂತ ತಾಯಿ, ಕೈ ಚಾಚಿದ ಹುಡುಗ. ಮಿಕ್ಕದ್ದನ್ನು ನಮ್ಮ ಜನ ತುಂಬಿಕೊಂಡರು. ನಾನು ಕಂಡದ್ದು ಇಷ್ಟು: ಅವನು ಹತ್ತಿರ ಬರುತ್ತಿದ್ದಂತೆ ಅವರು ಅಂಗೈ ಎತ್ತಿ ತಡೆದರು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು. ಇಲ್ಯಾ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮರುದಿನ ಬೆಳಿಗ್ಗೆ

ತಿಂಡಿ ಬಡಿಸಿ ಓಕ್ಸಾನಾ ನಮ್ಮ ಎದುರೇ ಕೂತರು. ತಮಾರ್ ಅವರನ್ನು ಅವರೇ ಕರೆಸಿಕೊಂಡಿದ್ದರು.

“ನನ್ನ ಮಗನ ಹೆಸರು ತೆಗೆಯಿರಿ” ಎಂದರು.

ಪೆದ್ದಮ್ಮ ಆಗದೆಂದು ತಲೆಯಾಡಿಸಿದಳು. “ಕಟ್ಟಿದ ಹೆಸ್ರು ಬಿಚ್ಚಬಾರ್ದು ತಾಯಿ. ಅದು ಇನ್ನೊಂದು ಸಲ ಸಾಯಿಸಿದಂಗೆ.”

“ನನ್ನ ಮಗ ನಮ್ಮ ಮನೆಯ ಬಾಗಿಲು ಕಾಯುತ್ತ ಸತ್ತ. ಆ ಹುಡುಗ ಆ ಬಾಗಿಲು ಒಡೆಯಲು ಬಂದು ಸತ್ತ. ಅವನ ತಾಯಿಯ ಬಗ್ಗೆ ನನಗೂ ಅಯ್ಯೋ ಅನ್ನಿಸುತ್ತದೆ. ಆದರೆ ಒಂದೇ ಚಾಪೆಯಲ್ಲಿ ಮಲಗಿಸಬೇಡಿ.”

“ಸತ್ತ ಮೇಲೆ ಯಾವ ಬಾಗ್ಲಮ್ಮಾ? ಸತ್ತೋರಿಗೆ ಪಾರ್ಟಿ ಇಲ್ಲ.”

ಇದನ್ನು ನಾನು ಅನುವಾದಿಸಿದೆ. ತಮಾರ್ ಅನುವಾದಿಸಿದರು. ಓಕ್ಸಾನಾ ಮೇಜಿನ ಮೇಲಿದ್ದ ರೊಟ್ಟಿಯ ಚೂರುಗಳನ್ನು ಅಂಗೈಯಿಂದ ಒಂದೆಡೆ ಸರಿಸಿದರು.

“ಸತ್ತವರಿಗೆ ಇಲ್ಲದಿರಬಹುದು. ನಾನು ಬದುಕಿದ್ದೇನೆ. ನನಗಿದೆ.”

ಎದುರಾಳಿಯ ಮಾತಿಗೆ ಮರುಮಾತು ಹುಡುಕುವುದು ನನಗೆ ಕೆಮ್ಮಿನಷ್ಟು ಸಹಜ. ಅವತ್ತು ಹುಡುಕಲಿಲ್ಲ. ಎರಡೂ ಕಡೆಗೆ ಸಮನಾಗಿ ಅಳುವವರು ಒಂದು ಪ್ರಶ್ನೆಯನ್ನು ಜಾಣತನದಿಂದ ದಾಟಿಬಿಡುತ್ತಾರೆ: ಯುದ್ಧ ಯಾರ ಮನೆಗೆ ಬಂತು? ಆ ಪ್ರಶ್ನೆಯಿಲ್ಲದ ಶಾಂತಿ, ಮನೆ ಇರುವವರಿಗೆ ಮಾತ್ರ ಹಿತ. ನಾನು ಕನ್ನಡದಲ್ಲೇ ಪೆದ್ದಮ್ಮನಿಗೆ ಹೇಳಿದೆ: “ಅವರು ಹೇಳೋದು ಸರಿ. ನಮ್ಮೂರಲ್ಲಿ ಹೆಸರು ಕೊಡೋರಿಗೆ ಕೊನೇ ಸುತ್ತು ಗೊತ್ತಿರತ್ತೆ. ಇವರಿಗೆ ಗೊತ್ತಿರಲಿಲ್ಲ.”

“ನೀನು ಯಾರ ಕಡೇನೇ?”

“ಮಗ ಯಾರವನೋ ಅವರ ಕಡೆ.”

ಪೆದ್ದಮ್ಮ ನನ್ನ ಮೇಲೆ ತೆಲುಗಿನಲ್ಲಿ ಒಂದಷ್ಟು ಸುರಿದಳು. ಆಮೇಲೆ ಓಕ್ಸಾನಾ ಅವರ ಮುಖವನ್ನೇ ನೋಡುತ್ತ ಕೂತಳು. ಕೋಣೆಗೆ ಹೋಗಿ ತಂಬೂರಿ ತಂದು, ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಬಲಗೈ ಇಟ್ಟಳು. ನಮ್ಮ ಕಡೆ ಮೇಳದವರಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ.

“ಸರ್ಲೇ. ತೆಗೀತೀನಿ. ಇಲ್ಲೂ ಹಾಡಲ್ಲ, ನಮ್ಮೂರಲ್ಲೂ ಹಾಡಲ್ಲ. ಎಲ್ಲೂ ಹಾಡಲ್ಲ.”

ಆ ಕೈಯ ಅರ್ಥವನ್ನು ನಾನು ವಿವರಿಸಿದೆ. ಓಕ್ಸಾನಾ ಅದರ ಪಕ್ಕ ತಮ್ಮ ಕೈಯನ್ನೂ ಒಂದು ಕ್ಷಣ ಇಟ್ಟು, ಎದ್ದು, ನಮ್ಮ ಚಹಾ ಆರಿಹೋಗಿದೆಯೆಂದು ಬೇರೆ ಚಹಾ ತಂದರು.

ಕೊನೆಯ ದಿನ

ವಿಡಿಯೊ ನೋಡಿ ಬಂದಿದ್ದ ಜನರಿಂದ ಸಭಾಂಗಣ ತುಂಬಿತ್ತು. ಕಾರ್ಯಕ್ರಮ ಶುರುವಾಗುವ ಮೊದಲು ಇಲ್ಯಾ ಬಂದು, ತನ್ನ ಅಣ್ಣನ ಹೆಸರನ್ನೂ ಬಿಡಬೇಕೆಂದು ಕೇಳಿದ. “ಅವನದೊಂದೇ ಉಳಿದರೆ ಅದು ಬೇರೆಯೇ ಹಾಡು, ರಷ್ಯಾದ ಕಡೆಯ ಹಾಡಾಗುತ್ತದೆ” ಎಂದ. ಪೆದ್ದಮ್ಮ ಅವನ ಗಲ್ಲ ಸವರಿ ಹೂಂ ಎಂದಳು.

ಕೊನೆಯ ಸುತ್ತಿನಲ್ಲಿ ಬರೀ ತತ್ವವಿತ್ತು: ದೇಹ ಮಣ್ಣು, ಉಸಿರು ಗಾಳಿ. ತಪ್ಪೇನೂ ಇರಲಿಲ್ಲ. ಜನ ಕಾದರು, ಕಾದದ್ದು ಬರಲಿಲ್ಲ, ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಸಂಘಟಕರಲ್ಲೊಬ್ಬರು ಆ ಸಾಲುಗಳು ಯಾಕಿಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ನನ್ನನ್ನು ಕೇಳಿದರು. ಓಕ್ಸಾನಾ ಬಂದಿದ್ದರು. ಬಾಗಿಲ ಪಕ್ಕ, ಕೋಟಿನ ಗುಂಡಿ ಬಿಚ್ಚದೆ ನಿಂತಿದ್ದರು. ಇಲ್ಲದ್ದನ್ನು ಕೇಳಿಸಿಕೊಳ್ಳಲು ಬಂದಿದ್ದರು. ಹಾಡು ಮುಗಿದಾಗ ಪೆದ್ದಮ್ಮನತ್ತ ತಲೆ ಬಾಗಿಸಿ ಹೊರಟರು.

“ಉಪ್ಪಿಲ್ಲದ ಸಾರು” ಎಂದಳು ಪೆದ್ದಮ್ಮ, ತಂಬೂರಿಗೆ ಬಟ್ಟೆ ಸುತ್ತುತ್ತ. ನನ್ನ ಮಟ್ಟಿಗೆ ಅವಳು ಶಾಂತಿಗಾಗಿ ಮಾಡಿದ ದೊಡ್ಡ ಕೆಲಸ ಆ ಸಂಜೆಯದು. ಕಲ್ಲಿನಲ್ಲಿ ಕೆತ್ತುವುದಾದರೆ ಅದನ್ನು ಕೆತ್ತಲಿ. ತಲೆ ಬಾಗಿಸಿದ ಒಬ್ಬಳು, ಹಾಡದೆ ಬಿಟ್ಟ ಇನ್ನೊಬ್ಬಳು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಶ್ರೀನಿವಾಸಪುರ

ಊರಿಗೆ ಬಂದು ತಿಂಗಳುಗಳಾದ ಮೇಲೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ, ದೂರದ ಸಂಬಂಧಿಯೊಬ್ಬರ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಾವಿನ ತೋಪಿನ ನೆರಳಿನಲ್ಲಿ ಪೆದ್ದಮ್ಮನ ಮೇಳ ಹಾಡುತ್ತಿತ್ತು. ನಾನು ಬರುವುದು ಅವಳಿಗೆ ಗೊತ್ತಿರಲಿಲ್ಲ.

ಕೊನೆಯ ಸುತ್ತು. ಆ ಮನೆಯ ಯಜಮಾನನ ಹೆಸರು ಬಂತು, ಆಮೇಲೆ ನೆರೆಯೂರಿನ ಹೆಂಗಸೊಬ್ಬಳದು, ಬೈಕಿನಿಂದ ಬಿದ್ದು ಸತ್ತ ಹುಡುಗನೊಬ್ಬನದು. ಆಮೇಲೆ, ಜೇಬಿನ ತುಂಬ ಉಪ್ಪು. ತಾರಾಸು. ಮಿಶಾ. ಒಂದೇ ಚಾಪೆ. ತಾಳದವನು ತಡವರಿಸಲಿಲ್ಲ, ಅಂದರೆ ಇದು ಮೊದಲ ಸಲವಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಯಾರ ಮಕ್ಳೋ” ಎಂದರು.

ಹಾಡು ಮುಗಿದ ಮೇಲೆ ಪೆದ್ದಮ್ಮ ತೊಟ್ಟಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದಳು. ನನ್ನನ್ನು ಕಂಡಳು. ಮುಖ ತಿರುಗಿಸಲಿಲ್ಲ.

“ತಂಬೂರಿ ಮೇಲೆ ಕೈ ಇಟ್ಟಿದ್ದೆ, ಪೆದ್ದಮ್ಮಾ.”

“ಇಟ್ಟಿದ್ದೆ.”

“ಮತ್ತೆ?”

“ಬಿಟ್ಟು ಹಾಡಿ ನೋಡ್ದೆ ಕಣೇ. ಆಗಲ್ಲ. ಸಾಲು ಅಲ್ಲಿಗೆ ಬಂದು ನಿಂತ್ಬಿಡ್ತದೆ. ಒಂದು ಮಗೂನ ಸಂತೇಲಿ ಬಿಟ್ಟು ಮನೆಗೆ ಬಂದಂಗಾಗ್ತದೆ.”

“ಅದು ನಿನ್ನ ಕಷ್ಟ. ಅದಕ್ಕೆ ಅವರ ಮಗ ಯಾಕೆ ಬೇಕು? ಯುದ್ಧ ಮಾಡೋರೂ ಹಿಂಗೇ ಹೇಳೋದು, ಬಿಡೋಕೆ ಆಗಲ್ಲ ಅಂತ.”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಊಟಕ್ಕೆ ಎಲೆ ಹಾಕುತ್ತಿದ್ದವರು ನಮ್ಮತ್ತ ನೋಡಿ, ಬನ್ನಿ ಬನ್ನಿ ಎಂದು ಕೂಗಿದರು.

“ಅವಳಿಗೆ ಇಲ್ಲಿಂದ ಯಾರೇ ಹೇಳ್ತಾರೆ?” ಎಂದಳು ಪೆದ್ದಮ್ಮ, ಮೆಲ್ಲಗೆ.

ನಾನು ಮೊಬೈಲು ತೆಗೆದು ಅವಳ ಮುಂದೆ ಹಿಡಿದೆ. ತಮಾರ್ ಕಳಿಸಿದ ಸಂದೇಶ ಬಂದು ವಾರವಾಗಿತ್ತು, ಆಣೆಯಾದ ಮೇಲೆ ಉತ್ತರಿಸಲು ಏನಿದೆ ಎಂದು ಬಿಟ್ಟಿದ್ದೆ. ಅದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ: ನನ್ನ ಮಗನ ಹೆಸರನ್ನು ಅಲ್ಲಿಯೂ ಹಾಡುತ್ತಿಲ್ಲ ತಾನೇ ಎಂದು ಓಕ್ಸಾನಾ ಕೇಳುತ್ತಿದ್ದಾರೆ.

“ನನ್ನನ್ನೇ ಕೇಳಿದಾರೆ. ನೀನೇ ಹೇಳು ಪೆದ್ದಮ್ಮಾ, ಏನಂತ ಬರೀಲಿ?”